ಚೆಂಡಾಟವೂ ಅನ್ನದ ಪ್ರಶ್ನೆಯೂ

ಬ್ಯಾಸ್ಕೆಟ್ ಬಾಲ್ ಎಂಬ ಆಟವು ಹೊರಗೆ ಕಾಲಿಡಲಾಗದ ದಿನಗಳ ಬೇಸರದಿಂದ ಹುಟ್ಟಿದುದು. 1891ನೆಯ ಇಸವಿಯ ಡಿಸೆಂಬರ್ ತಿಂಗಳಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ಸ್ಪ್ರಿಂಗ್‌ಫೀಲ್ಡ್ ಪಟ್ಟಣದಲ್ಲಿ, ಚಳಿಗಾಲವು ಬಯಲಿನ ಆಟಗಳನ್ನೆಲ್ಲ ನಿಲ್ಲಿಸಿಬಿಟ್ಟಿದ್ದಿತು. ಅಲ್ಲಿಯ ವೈ. ಎಂ. ಸಿ. ಎ. ಶಿಕ್ಷಣಶಾಲೆಯ ತರುಣರು ಒಳಗಿನ ಕವಾಯತಿನಿಂದ ಬೇಸತ್ತು ಉಪಾಧ್ಯಾಯರಿಗೆ ತಲೆನೋವಾಗಿದ್ದರು. ಅವರನ್ನು ಹಿಡಿತಕ್ಕೆ ತರುವ ಹೊಣೆ ಜೇಮ್ಸ್ ನೈಸ್ಮಿತ್ ಎಂಬ ಉಪಾಧ್ಯಾಯರ ಪಾಲಿಗೆ ಬಂದಿತು. ಅವರು ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ತರಿಸಿ ವ್ಯಾಯಾಮಶಾಲೆಯ ಉಪ್ಪರಿಗೆಯ ಕಟಕಟೆಗೆ ಹೊಡೆಯಿಸಿ, 13 ನಿಯಮಗಳನ್ನು ಬರೆದು ಗೋಡೆಗೆ ಅಂಟಿಸಿದರು. ಕಟಕಟೆಯು ನೆಲದಿಂದ 10 ಅಡಿ ಎತ್ತರದಲ್ಲಿದ್ದಿತು. ಬುಟ್ಟಿ ಹೋಗಿ ಕಬ್ಬಿಣದ ಬಳೆ ಬಂದಿತು, ಒಂಬತ್ತು ಜನರ ಪಕ್ಷವು ಐದಕ್ಕೆ ಇಳಿಯಿತು. ಆ 10 ಅಡಿ ಮಾತ್ರ ಇಂದಿಗೂ ಕದಲಿಲ್ಲ.

ಹಿಮದ ಬದಲು ಮಳೆಯೆಂದರೆ ಈ ಕಥೆಯು ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಜನಕ್ಕೆ ಬೇಗ ಅರ್ಥವಾಗುವುದು. ಆರಿದ್ರೆ, ಪುನರ್ವಸು ಹಿಡಿದರೆ ಅಲ್ಲಿ ಮನೆಯ ಮಕ್ಕಳೆಲ್ಲ ಜಗಲಿಯ ಮೇಲೆಯೇ. ಚೆನ್ನೆಮಣೆ, ಚೌಕಾಬಾರಗಳು ಅಟ್ಟದಿಂದ ಇಳಿಯುವ ಕಾಲವದು. ಮನೆಯೊಳಗೆ ಸಿಕ್ಕಿಕೊಂಡವರಿಗಾಗಿಯೇ ಹುಟ್ಟಿದ ಬ್ಯಾಸ್ಕೆಟ್ ಬಾಲಿಗೆ ಈ ಸೀಮೆಯು ತೌರುಮನೆಯಾಗಬೇಕಾಗಿದ್ದಿತು. ಆದರೆ ಆಗಲಿಲ್ಲ. 28 ಮೀಟರು ಉದ್ದ, 15 ಮೀಟರು ಅಗಲದ ಮಟ್ಟಸ ನೆಲವೆಂದರೆ ಮಲೆನಾಡಿನಲ್ಲಿ ಆಸ್ತಿ. ಅಂಥ ನೆಲವಿದ್ದರೆ ಅದು ಗದ್ದೆ. ಮನೆಯ ಮುಂದಿದ್ದರೆ ಅಡಕೆ ಹರಡುವ ಅಂಗಳ. ಅದರ ಮೇಲೆ ಸೂರು ಹಾಕುವ ಮಾತು ದೂರವೇ ಉಳಿಯಿತು. ಶಾಲೆಯ ಬಯಲಿನಲ್ಲಿ ಸಿಮೆಂಟು ಹಾಕಿಸಿದರೂ ಆಷಾಢ ಕಳೆಯುವುದರೊಳಗೆ ಹಾವಸೆ ಹಿಡಿದು, ಓಡುವವನ ಮೊಣಕಾಲಿಗೆ ಗಂಡಾಂತರವಾಗುವುದು. ಎರಡು ಕಂಬ ನೆಟ್ಟು ಬಲೆ ಕಟ್ಟಿದರೆ ವಾಲಿಬಾಲ್. ಗೆರೆ ಎಳೆದರೆ ಕಬಡ್ಡಿ. ಮಲೆನಾಡಿಗರು ಈ ಎರಡನ್ನು ಹೆಚ್ಚಾಗಿ ಒಲಿದುದರಲ್ಲಿ ಆಶ್ಚರ್ಯವಿಲ್ಲ.

ಆದರೂ ಶಾಲೆಯ ಕ್ರೀಡೆಗಳ ಪಟ್ಟಿಯಲ್ಲಿ ಬ್ಯಾಸ್ಕೆಟ್ ಬಾಲ್ ಉಂಟು. ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಮೆಟ್ಟಿಲು ಮೆಟ್ಟಿಲಾಗಿ ಏರುವ ದಾರಿಯೂ ಉಂಟು. ಎತ್ತರವಾಗಿ ಬೆಳೆದ ಹುಡುಗನೊಬ್ಬನು ಬಾಳೆಹೊನ್ನೂರು, ಆಲ್ದೂರುಗಳ ಮಾರ್ಗವಾಗಿ ಚಿಕ್ಕಮಗಳೂರಿಗೆ ಹೋಗಿ ಆಡಿ ಬಂದನೆನ್ನಿ. ಆ ರಾತ್ರಿ ಮನೆಯಲ್ಲಿ ನಡೆಯುವ ಸಂಭಾಷಣೆಯನ್ನು ಊಹಿಸುವುದು ಕಷ್ಟವಲ್ಲ.

“ಅಜ್ಜಯ್ಯ, ಬೆಂಗಳೂರಲ್ಲಿ ಈ ಆಟಕ್ಕೂ ಸಂಬಳ ಕೊಡ್ತಾರಂತೆ.”

“ಕೊಡ್ಲಿ ಮಾರಾಯ. ಎಷ್ಟು ವರ್ಷ ಕೊಡ್ತಾರಂತೆ?”

ಮುದುಕರ ಈ ಪ್ರಶ್ನೆಯನ್ನು ಜಿಪುಣತನವೆಂದು ತಳ್ಳಿಹಾಕುವುದು ಸರಿಯಲ್ಲ. ಈ ಮೂರು ತಾಲ್ಲೂಕುಗಳ ತೋಟಗಳಿಗೆ ಹಳದಿ ಎಲೆ ರೋಗವು ಹೊಕ್ಕು ದಶಕಗಳಾದುವು. ಮೇಲಿಂದ ಈಚೆಗೆ ಎಲೆಚುಕ್ಕಿ ರೋಗವೂ ಸೇರಿಕೊಂಡಿತು. ಅಜ್ಜ ನೆಟ್ಟ ಮರ ಮೊಮ್ಮಗನಿಗೆ ಅನ್ನ ಕೊಡುವುದೆಂಬ ಭರವಸೆ ಸಡಿಲಾಗಿರುವ ಮನೆಯಲ್ಲಿ, ಮಗುವಿನ ಮುಂದಿನ ಜೀವನೋಪಾಯವು ಬರಿಯ ಹರಟೆಯ ವಿಷಯವಲ್ಲ. ಅಡಕೆಯ ಸಸಿ ಫಲಕ್ಕೆ ಬರಲು ಐದಾರು ವರ್ಷ ಬೇಕೆಂದು ಬಲ್ಲವರು, ಒಂದೇ ವರ್ಷದಲ್ಲಿ ಹೂವೂ ಗೊನೆಯೂ ಕಾಣಿಸುವುದನ್ನು ಅನುಮಾನದಿಂದ ನೋಡುವುದು ಸಹಜವೇ.

ಬೆಂಗಳೂರಿನ ಸಂಬಳದ ಕಥೆ ಹೀಗಿದೆ. 2010ರಲ್ಲಿ ಭಾರತದ ಬ್ಯಾಸ್ಕೆಟ್ ಬಾಲ್ ಫೆಡರೇಷನ್ನು ಐ. ಎಂ. ಜಿ. ರಿಲಯನ್ಸ್ ಎಂಬ ಸಂಸ್ಥೆಯೊಡನೆ 30 ವರ್ಷಗಳ ಒಪ್ಪಂದ ಮಾಡಿಕೊಂಡಿತು. ವೃತ್ತಿಪರ ಲೀಗೊಂದು ಬರುವುದೆಂದು ಎಲ್ಲರೂ ಕಾದರು, ಅದು ಬರಲಿಲ್ಲ. 2015ರಲ್ಲಿ ಫೆಡರೇಷನ್ನಿನ ಆಶ್ರಯವಿಲ್ಲದೆಯೇ ಯು. ಬಿ. ಎ. ಎಂಬ ಬೇರೊಂದು ಲೀಗು ಎದ್ದಿತು. ಎಂಟು ತಂಡಗಳು, ಉತ್ತರ ದಕ್ಷಿಣವೆಂದು ಎರಡು ಭಾಗ. ದಕ್ಷಿಣದಲ್ಲಿ ಬೆಂಗಳೂರು ಬೀಸ್ಟ್, ಚೆನ್ನೈ ಸ್ಲ್ಯಾಮ್, ಹೈದರಾಬಾದ್ ಸ್ಕೈ, ಪುಣೆ ಪೇಶ್ವಾಸ್. ಉತ್ತರದಲ್ಲಿ ದೆಹಲಿ, ಹರಿಯಾಣ, ಪಂಜಾಬಗಳೊಡನೆ ಮುಂಬಯಿಯೂ ಸೇರಿತ್ತು. ಪುಣೆ ದಕ್ಷಿಣವಾಗಿ ಮುಂಬಯಿ ಉತ್ತರವಾದ ಭೂಗೋಳವನ್ನು ಯಾವ ಶಾಲೆಯಲ್ಲಿಯೂ ಕಲಿಸುವುದಿಲ್ಲ, ಇರಲಿ. ನಾಲ್ಕು ಋತುಗಳಾಡಿ 2017ಕ್ಕೆ ಅದು ನಿಂತಿತು. 2022ರಲ್ಲಿ ಫೆಡರೇಷನ್ನಿನ ಒಪ್ಪಿಗೆಯಿಂದಲೇ ಐ. ಎನ್. ಬಿ. ಎಲ್. ಬಂದಿತು. ತಂಡಗಳು ಆರು, ಅವುಗಳಲ್ಲಿ ಬೆಂಗಳೂರು ಕಿಂಗ್ಸ್ ಒಂದು. ತಂಡಗಳೆಲ್ಲ ಕೂಡಿ ಕೊಚ್ಚಿ, ಜಯಪುರ, ಪುಣೆ ಎಂದು ಮೇಳದವರಂತೆ ಊರಿಂದೂರಿಗೆ ಹೋಗಿ ಆಡಿದುವು. 2025ರ ಆರಂಭದಲ್ಲಿ ದೆಹಲಿಯಲ್ಲಿ, 25 ವರ್ಷದೊಳಗಿನ ತರುಣರಿಗೆ ಪ್ರಾಧಾನ್ಯ ಕೊಟ್ಟು, ಅದರ ಹೊಸ ರೂಪ ನಡೆಯಿತು. ಆಗಲೂ ತಂಡಗಳು ಆರೇ. ಆದರೆ ಆ ಆರರಲ್ಲಿ ಬೆಂಗಳೂರಿನ ಹೆಸರಿರಲಿಲ್ಲ.

“ಎಷ್ಟು ವರ್ಷ?” ಎಂಬುದಕ್ಕೆ ಇದು ಒಂದು ಉತ್ತರ. ಆದರೆ ಲೀಗುಗಳು ಹುಟ್ಟಿ ಸಾಯುವುದು ಭಾರತಕ್ಕೇ ಅಂಟಿದ ಶಾಪವೆಂದು ತಿಳಿಯುವುದು ತಪ್ಪು. ಜಗತ್ತೆಲ್ಲ ಬೆರಗಾಗಿ ನೋಡುವ ಅಮೆರಿಕದ ಲೀಗಿನ ಬಾಲ್ಯವೂ ಬಹಳ ದುರ್ಬಲವಾಗಿದ್ದಿತು. 1946ರ ಜೂನ್ 6ರಂದು ನ್ಯೂಯಾರ್ಕಿನಲ್ಲಿ ಅದನ್ನು ಹುಟ್ಟುಹಾಕಿದವರು ಮುಖ್ಯವಾಗಿ ಐಸ್ ಹಾಕಿ ನಡೆಯಿಸುವ ಮಂದಿರಗಳ ಒಡೆಯರು. ಹಾಕಿಯಿಲ್ಲದ ರಾತ್ರಿ ಮಂದಿರ ಖಾಲಿ ಬೀಳುವುದಲ್ಲಾ ಎಂಬುದು ಅವರ ಚಿಂತೆ. ಆಟದ ಮೇಲಿನ ಭಕ್ತಿ ಎರಡನೆಯ ಮಾತು. 11 ತಂಡಗಳಿಂದ ಆರಂಭವಾಯಿತು. 1949ರಲ್ಲಿ ಇನ್ನೊಂದು ಲೀಗಿನೊಡನೆ ಕೂಡಿ ಎನ್. ಬಿ. ಎ. ಎಂಬ ಹೆಸರು ಧರಿಸಿದಾಗ ತಂಡಗಳು 17. ಶೆಬಾಯ್ಗನ್, ವಾಟರ್‌ಲೂ, ಆಂಡರ್ಸನ್‌ನಂಥ ಸಣ್ಣ ಊರುಗಳೂ ಆ ವರ್ಷ ನ್ಯೂಯಾರ್ಕಿನ ಸಮಕ್ಕೆ ನಿಂತು ಆಡಿದುವು. ಒಂದೇ ವರ್ಷ. ಮರುವರ್ಷಕ್ಕೆ ಆ ಮೂರೂ ಹೊರಗೆ. ಐದು ವರ್ಷದಲ್ಲಿ 17 ಎಂಬುದು 8ಕ್ಕೆ ಇಳಿಯಿತು.

ತಂಡಗಳು ಬಡವಾದಂತೆ ಆಟವೂ ಬಡವಾಗಿದ್ದಿತು. 1950ರ ನವೆಂಬರ್ 22ರಂದು ಫೋರ್ಟ್ ವೇನ್ ತಂಡವು ಬಲಿಷ್ಠವಾದ ಮಿನಿಯಾಪೊಲಿಸ್ ಲೇಕರ್ಸ್ ತಂಡವನ್ನು 19–18ರಿಂದ ಸೋಲಿಸಿತು. 48 ನಿಮಿಷದ ಆಟಕ್ಕೆ ಎರಡೂ ಪಕ್ಷಗಳಿಂದ ಒಟ್ಟು 37 ಅಂಕ! ಚೆಂಡನ್ನು ಬುಟ್ಟಿಗೆ ಎಸೆಯದೆ ಕೈಯಲ್ಲಿ ಹಿಡಿದು ಹೊತ್ತು ಕಳೆಯುವುದೇ ಅವರ ಉಪಾಯ. ನಿಯಮವು ಅದನ್ನು ತಡೆಯುತ್ತಿರಲಿಲ್ಲ. ಕಾಸು ಕೊಟ್ಟು ಬಂದ ಪ್ರೇಕ್ಷಕರ ಗತಿಯೇನು? ಇದಕ್ಕೆ ಮದ್ದು ಕಂಡುಹಿಡಿದವರು ಸಿರಾಕ್ಯೂಸ್ ತಂಡದ ಒಡೆಯರಾದ ಡ್ಯಾನಿ ಬಿಯಾಸೋನ್. ಇಟಲಿಯಿಂದ ಬಂದ, ಬೌಲಿಂಗ್ ಎಂಬ ಉರುಳುಗುಂಡಿನ ಆಟದ ಮಂದಿರ ನಡೆಯಿಸುತ್ತಿದ್ದ ಗೃಹಸ್ಥರವರು. ಅವರ ಲೆಕ್ಕ ಕೋಮಟಿಯ ಲೆಕ್ಕದಷ್ಟು ಸರಳ. ಜನ ಮೆಚ್ಚಿದ ಆಟಗಳಲ್ಲಿ ಎರಡು ಪಕ್ಷದವರೂ ಸೇರಿ ಸುಮಾರು 120 ಬಾರಿ ಬುಟ್ಟಿಗೆ ಎಸೆಯುತ್ತಾರೆ, 48 ನಿಮಿಷಕ್ಕೆ 2,880 ಸೆಕೆಂಡು, ಭಾಗಿಸಿದರೆ 24. ಚೆಂಡು ಕೈಗೆ ಬಂದ 24 ಸೆಕೆಂಡಿನೊಳಗೆ ಎಸೆಯಲೇಬೇಕೆಂಬ ನಿಯಮವು 1954ರಲ್ಲಿ ಜಾರಿಗೆ ಬಂದಿತು. ಆ ಮೊದಲು ಒಂದು ತಂಡಕ್ಕೆ ಸರಾಸರಿ 79.5 ಅಂಕ ಬರುತ್ತಿದ್ದುದು ಆ ಒಂದು ವರ್ಷದಲ್ಲಿಯೇ 93.1ಕ್ಕೆ ಏರಿತು. ಲೀಗು ಬದುಕಿಕೊಂಡಿತು.

ಅನಂತರದ ಬೆಳವಣಿಗೆಯನ್ನು ವಿಸ್ತರಿಸಬೇಕಾಗಿಲ್ಲ. 1976ರಲ್ಲಿ ಎದುರಾಳಿ ಲೀಗಿನ ನಾಲ್ಕು ತಂಡಗಳು ಬಂದು ಸೇರಿದುವು. 1979ರಲ್ಲಿ ದೂರದ ಎಸೆತಕ್ಕೆ ಮೂರು ಅಂಕವೆಂದಾಯಿತು. ಈಗ 30 ತಂಡಗಳು, ಪೂರ್ವಕ್ಕೆ 15, ಪಶ್ಚಿಮಕ್ಕೆ 15. ಅಕ್ಟೋಬರಿನಿಂದ ಏಪ್ರಿಲಿನ ವರೆಗೆ ಒಂದೊಂದು ತಂಡಕ್ಕೂ 82 ಆಟ. ಆಮೇಲೆ ಕಡೆಯ ಸುತ್ತುಗಳು. ಒಬ್ಬ ಎದುರಾಳಿಯೊಡನೆ ಏಳು ಆಟಗಳವರೆಗೆ ಸೆಣಸಿ, ನಾಲ್ಕು ಗೆದ್ದವರು ಮುಂದಕ್ಕೆ. ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ ಸೋತ ತಂಡಗಳಿಗೆ ಮೊದಲ ಸರದಿಯ ಅವಕಾಶ ಹೆಚ್ಚು. ಬಲಿಷ್ಠನೇ ಮತ್ತೆ ಮತ್ತೆ ಕೊಬ್ಬದಿರಲೆಂಬ ಉಪಾಯವಿದು, ಮೆಚ್ಚತಕ್ಕದ್ದೇ. ಪಂಜಾಬಿನ ಸತ್ನಾಮ್ ಸಿಂಗ್ ಭಮರಾ ಎಂಬವರು 2015ರಲ್ಲಿ ಈ ರೀತಿಯ ಆಯ್ಕೆಯಲ್ಲಿ 52ನೆಯವರಾಗಿ ಡಲ್ಲಸ್ ತಂಡಕ್ಕೆ ಆರಿಸಲ್ಪಟ್ಟರು. ಆದರೆ ಈ ಲೀಗಿಗೆ ಕೆಳಗಿನಿಂದ ಮೆಟ್ಟಿಲಿಲ್ಲ. ಕಡೆಯ ಸ್ಥಾನ ಬಂದ ತಂಡ ಕೆಳಗಿಳಿಯುವುದಿಲ್ಲ. ಶೆಬಾಯ್ಗನ್ ಎಷ್ಟು ಚೆನ್ನಾಗಿ ಆಡಿದರೂ ಮೇಲೇರುವಂತಿಲ್ಲ. ಒಳಗೆ ಬರಲು ಬೇಕಾದುದು ಹಣ ಮತ್ತು ಒಳಗಿರುವವರ ಒಪ್ಪಿಗೆ. ಭಾರತದ ಹೊಸ ಲೀಗುಗಳು ಅಮೆರಿಕದಿಂದ ಮೊದಲು ಕಲಿತುಕೊಂಡದ್ದು ಈ ಮುಚ್ಚಿದ ಬಾಗಿಲನ್ನೇ.

ಕಲಿಯಬಹುದಾಗಿದ್ದ ಇನ್ನೊಂದು ಸಂಗತಿಯುಂಟು. ಅಮೆರಿಕದಲ್ಲಿ ಲೀಗು ಬೇರೂರುವ ಮುನ್ನ ಆಟಗಾರರಿಗೆ ಅನ್ನ ಹಾಕುತ್ತಿದ್ದವು ಕಾರ್ಖಾನೆಗಳೂ ಕಂಪೆನಿಗಳೂ. ಟೈರು ಮಾಡುವ ಫೈರ್‌ಸ್ಟೋನ್, ಗುಡ್‌ಇಯರ್ ಕಂಪೆನಿಗಳಿಗೆ ಸ್ವಂತ ತಂಡಗಳಿದ್ದುವು. ಓಕ್ಲಹೋಮದ ಬಾರ್ಟಲ್ಸ್‌ವಿಲ್ ಎಂಬ ಸಣ್ಣ ಊರಿನ ಫಿಲಿಪ್ಸ್ ಎಣ್ಣೆ ಕಂಪೆನಿಯ ತಂಡವು ದೇಶಕ್ಕೇ ಹೆಸರಾಗಿದ್ದಿತು. ಹಗಲು ಕಚೇರಿ, ಸಂಜೆ ಆಟ. ಬಾಬ್ ಕರ್ಲೆಂಡ್ ಎಂಬ ಏಳಡಿಯ ಆಟಗಾರರು ವೃತ್ತಿಪರ ಲೀಗಿನ ಕರೆಯನ್ನು ಒಲ್ಲೆನೆಂದು ಆ ಕಂಪೆನಿಯ ಕೆಲಸವನ್ನೇ ಹಿಡಿದರು. 1948, 1952ರ ಎರಡು ಒಲಿಂಪಿಕ್ ಪಂದ್ಯಗಳಲ್ಲಿ ಚಿನ್ನ ಗೆದ್ದರು. ಆಟ ಬಿಟ್ಟ ಮೇಲೆಯೂ ಅದೇ ಕಂಪೆನಿಯಲ್ಲಿ ಅಧಿಕಾರಿಯಾಗಿದ್ದರು. ಕೊಪ್ಪದ ಅಜ್ಜಯ್ಯನ ಪ್ರಶ್ನೆಗೆ ಕರ್ಲೆಂಡ್ ಕಂಡುಕೊಂಡ ಉತ್ತರವದು.

ಕರ್ಣಾಟಕದಲ್ಲಿಯೂ ಉತ್ತರ ಅದೇ ಆಗಿದ್ದಿತು. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿ ಆಮೇಲೆ ಬೆಂಗಳೂರಿನಲ್ಲಿ ನೆಲಸಿದ ವಿಜಯಾ ಬ್ಯಾಂಕು ಬ್ಯಾಸ್ಕೆಟ್ ಬಾಲಿನ ಒಳ್ಳೆಯ ತಂಡವನ್ನು ಸಾಕಿತು. ಮದರಾಸಿನಲ್ಲಿ ಇಂಡಿಯನ್ ಓವರ್‌ಸೀಸ್ ಬ್ಯಾಂಕು, ದೇಶದ ಉದ್ದಕ್ಕೂ ರೈಲ್ವೆ. ಪಂದ್ಯ ಗೆದ್ದುದಕ್ಕೆ ಇಲ್ಲಿ ಲಕ್ಷಗಳ ಸುರಿಮಳೆಯಿಲ್ಲ; ತಿಂಗಳ ಸಂಬಳ, ಬಡತಿ, ಮೊಣಕಾಲು ಸೋತ ಮೇಲೆ ಕುಳಿತುಕೊಳ್ಳಲು ಒಂದು ಮೇಜು. ವೃತ್ತಿಪರರೆಂಬ ಬಿರುದು ಇವರಿಗಿರಲಿಲ್ಲ. ಆದರೆ ಆಟದಿಂದ ಜೀವನ ಸಾಗಿಸಿದವರು ಇವರೇ. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡದಲ್ಲಿ ಲೀನವಾಯಿತು. ಮರುವರ್ಷ ಸಿಂಡಿಕೇಟ್, ಕಾರ್ಪೊರೇಷನ್ ಬ್ಯಾಂಕುಗಳೂ ಬೇರೆಯವುಗಳಲ್ಲಿ ಸೇರಿಹೋದುವು. ಸಾಲಗಾರನ ದೃಷ್ಟಿಯಿಂದ ಇದು ಲಾಭವೋ ನಷ್ಟವೋ ಬ್ಯಾಂಕಿನವರು ಬಲ್ಲರು. ಆಟಗಾರನ ದೃಷ್ಟಿಯಿಂದ, ತಟ್ಟಬಹುದಾದ ಬಾಗಿಲುಗಳು ಕಡಮೆಯಾದುವು. ಲೀಗುಗಳು ಹಣದ ಸದ್ದಿನೊಡನೆ ಬಂದ ಕಾಲವೂ, ಈ ಸದ್ದಿಲ್ಲದ ಆಶ್ರಯಗಳು ಕುಗ್ಗಿದ ಕಾಲವೂ ಒಂದೇ ಆದುದು ದುರದೃಷ್ಟ.

ಹೆಣ್ಣುಮಕ್ಕಳ ಮಾತು ಇನ್ನೂ ಬೇರೆ. ಯು. ಬಿ. ಎ. ಆಗಲಿ, 2022ರ ಐವರ ಆಟದ ಲೀಗಾಗಲಿ ಗಂಡಸರಿಗೆ ಮಾತ್ರ ಮೀಸಲಾಗಿದ್ದುವು. ಬೆಂಗಳೂರಿನ ಜನ ಮರೆಯದಿರುವ ಗೆಲವಾದರೋ ಹೆಂಗಸರದು. 2017ರ ಜುಲೈ ತಿಂಗಳಲ್ಲಿ ಶ್ರೀ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಏಷ್ಯಾ ಕಪ್ ಪಂದ್ಯಗಳು ನಡೆದಾಗ, ಭಾರತದ ವನಿತೆಯರು ‘ಬಿ’ ವರ್ಗದ ಕಡೆಯ ಆಟದಲ್ಲಿ ಕಜಕಸ್ತಾನವನ್ನು 75–73ರಿಂದ ಗೆದ್ದು ‘ಎ’ ವರ್ಗಕ್ಕೆ ಏರಿದರು. ಎರಡೇ ಅಂಕಗಳ ಅಂತರ. 2019ರಲ್ಲಿ ಅದೇ ನಗರದಲ್ಲಿ ಮೇಲಿನ ವರ್ಗದಲ್ಲಿ ಆಡಿ ಎಂಟನೆಯವರಾದರು. 2021ರಲ್ಲಿ ಅಮ್ಮಾನಿನಲ್ಲಿ ಮತ್ತೆ ಎಂಟನೆಯವರಾಗಿ ಕೆಳಗಿಳಿದರು. ಸೋಲು ಸೋಲೇ, ಆದರೆ ಅಲ್ಲಿ ಮೆಟ್ಟಿಲಿದೆ, ಇಳಿದವರು ಮತ್ತೆ ಏರಬಹುದು. ಗೆದ್ದ ತಂಡದ ವನಿತೆಯರಲ್ಲಿ ಎಷ್ಟೋ ಮಂದಿ ರೈಲ್ವೆ ಮೊದಲಾದ ಕಚೇರಿಗಳ ನೌಕರರೆಂಬುದನ್ನು ಲೀಗು ಕಟ್ಟುವವರು ಗಮನಿಸಿದಂತಿಲ್ಲ.

ಹೀಗಿರುವಲ್ಲಿ ಶೃಂಗೇರಿಯ ಅಥವಾ ನರಸಿಂಹರಾಜಪುರದ ಮನೆಯವರಿಗೆ ಸದ್ಯ ಎದುರಾಗುವ ಕಾಗದವು ಲೀಗಿನದಲ್ಲ, ಸರ್ಕಾರದ ಕ್ರೀಡಾ ಇಲಾಖೆಯ ವಿದ್ಯಾರ್ಥಿನಿಲಯದ್ದು. ಮಗುವಿನ ಎತ್ತರ ಅಳೆಯುತ್ತಾರೆ, ಓಡಿಸಿ ನೋಡುತ್ತಾರೆ, ಚೆಂಡು ಎಸೆಯಿಸುತ್ತಾರೆ. ಆಯ್ಕೆಯಾದವರಲ್ಲಿ ಕೆಲವರು ಬೆಂಗಳೂರಿನ ಉತ್ತರಕ್ಕಿರುವ ವಿದ್ಯಾನಗರಕ್ಕೆ, ಕೆಲವರು ಮೈಸೂರಿಗೆ ಹೋಗುತ್ತಾರೆ. ಅಲ್ಲಿ ಪಾಠವೂ ಊಟವೂ ಆಟವೂ ಒಟ್ಟಿಗೆ. ಹತ್ತನೆಯ ತರಗತಿಯ ಪರೀಕ್ಷೆ ಏನಾಗುವುದು, ಹಬ್ಬಕ್ಕೆ ಕಳುಹಿಸುತ್ತಾರೆಯೇ, ಕಾಲು ಉಳುಕಿದರೆ ನೋಡುವವರು ಯಾರು ಎಂದು ತಾಯಿ ಕೇಳುವಳು. ಅಜ್ಜಯ್ಯನವರು ಕನ್ನಡಕ ತೆಗೆದು ಒರೆಸಿ ಅರ್ಜಿಯನ್ನು ಮೊದಲಿನಿಂದ ಕಡೆಯವರೆಗೆ ಓದುವರು. ರುಜು ಹಾಕುವ ಜಾಗವು ಎರಡನೆಯ ಪುಟದ ಕೆಳಗಿರುವುದು.