ಅಂಗಳದ ಸಂತ್ರಾ

ಅಬ್ಬಾ ಲಾರಿ ಓಡಿಸುತ್ತಿದ್ದರು. ಚಳ್ಳಕೆರೆಯ ಮಿಲ್ಲುಗಳಿಂದ ಶೇಂಗಾ ಎಣ್ಣೆಯ ಲೋಡು ಹೊತ್ತು ಕೊಡಗಿನ ಕಡೆ ಹೋದರೆ, ಮರಳುವಾಗ ಸೀಟಿನ ಹಿಂದೆ ಒಂದು ಚೀಲ ಹಣ್ಣು ಇದ್ದೇ ಇರುತ್ತಿತ್ತು. ಉರ್ದು ಶಾಲೆಯಲ್ಲಿ ಅದು ನಮಗೆ ಸಂತ್ರಾ, ಕನ್ನಡ ಹೈಸ್ಕೂಲಿಗೆ ಬಂದ ಮೇಲೆ ಕಿತ್ತಳೆ. ಹೆಸರು ಎರಡಾದರೂ ತೊಳೆ ಎಣಿಸಿ ಹಂಚಿಕೊಳ್ಳುವಾಗಿನ ಜಗಳ ಒಂದೇ. ತೆಳು ಸಿಪ್ಪೆ, ಬಾಯಿ ತುಂಬ ಸಿಹಿ, ನುಂಗುವಾಗ ಗಂಟಲಲ್ಲಿ ಒಂದೆಳೆ ಹುಳಿ. ಆ ಹುಳಿ ಇಲ್ಲದಿದ್ದರೆ ಅದು ಕೊಡಗಿನದ್ದೇ ಅಲ್ಲ ಎನ್ನುತ್ತಿದ್ದರು ಅಬ್ಬಾ.

1998ರಲ್ಲಿ ಅವರೊಂದು ಕಸಿ ಸಸಿ ತಂದು ನಾಯಕನಹಟ್ಟಿಯ ನಮ್ಮ ಅಂಗಳದಲ್ಲಿ ನೆಟ್ಟರು. ಓಣಿಯವರು ನಕ್ಕರು. ಅದು ಕಾಫಿ ತೋಟದ ನೆರಳಲ್ಲಿ, ಮಂಜು ಮಳೆಯಲ್ಲಿ ಬೆಳೆಯುವ ಮರ. ನಮ್ಮಲ್ಲೋ ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸಿನ ಮಳೆ, ಅದೂ ಬಂದರೆ. ತಿಪ್ಪೇರುದ್ರಸ್ವಾಮಿಗಳು ಕೆರೆ ಕಟ್ಟಿಸಿದ್ದನ್ನು ಊರು ಇಂದಿಗೂ ನೆನೆಯುವುದು ಸುಮ್ಮನೆ ಅಲ್ಲ. ಇಲ್ಲಿ ನೀರು ಕೊಟ್ಟವರೇ ದೊಡ್ಡವರು. ಅಬ್ಬಾ ತಾವು ವುಝೂ ಮಾಡುವ ಕಲ್ಲನ್ನು ಗಿಡದ ಪಕ್ಕಕ್ಕೆ ಸರಿಸಿದರು. ಐದು ಹೊತ್ತಿನ ನೀರು ಬುಡಕ್ಕೆ ಇಳಿಯತೊಡಗಿತು. ಅಮ್ಮಿ ಅಕ್ಕಿ ತೊಳೆದ ನೀರು ಸೇರಿಸಿದರು.

2001ರಿಂದ ಮೂರು ವರ್ಷ ಬರ. ಕುಡಿಯುವ ನೀರಿಗೇ ಕೊಡ ಹಿಡಿದು ಸಾಲು ನಿಂತ ಆ ದಿನಗಳಲ್ಲಿ ಗಿಡದ ತುದಿ ಒಣಗಿತು, ಆಮೇಲೆ ಕಾಂಡವೂ. ಕಿತ್ತೆಸೆಯಬೇಕು ಎನ್ನುವಷ್ಟರಲ್ಲಿ ಬುಡದಲ್ಲೊಂದು ಮುಳ್ಳಿನ ಚಿಗುರು ಕಾಣಿಸಿತು. ಗಿಡ ಬದುಕಿತೆಂದು ನಾವು ಮಕ್ಕಳೆಲ್ಲ ಕುಣಿದೆವು.

ಮೊದಲ ಹಣ್ಣು ಬಿಟ್ಟಿದ್ದು 2005ರಲ್ಲಿ. ಅಷ್ಟರಲ್ಲಿ ಪಾರ್ಶ್ವವಾಯು ಬಡಿದು ಅಬ್ಬಾ ಹಾಸಿಗೆ ಹಿಡಿದಿದ್ದರು. ಕಿಟಕಿಯಿಂದ ದಿನವೂ ಬಣ್ಣ ತಿರುಗುವುದನ್ನು ನೋಡುತ್ತಿದ್ದರು. ಪುಟ್ಟದಾದರೂ ಥೇಟು ಸಂತ್ರಾ: ಕೆಂಪಗಿನ ಬಣ್ಣ, ಸಡಿಲ ಸಿಪ್ಪೆ, ಬಿಡಿಬಿಡಿ ತೊಳೆ. ಮನೆಯ ಹಿಂದೆ ನಿಂತು ನಾವು ಒಂದನ್ನು ಸುಲಿದು ಬಾಯಿಗಿಟ್ಟೆವು. ನಿಂಬೆಯಷ್ಟೇ ಹುಳಿ! ಮುಖ ಮುಖ ನೋಡಿಕೊಂಡೆವು. ಏಳು ವರ್ಷ ಕಾದವರಿಗೆ ಇದನ್ನು ಹೇಗೆ ಕೊಡುವುದು?

ಚಳ್ಳಕೆರೆಯ ಸಂತೆಯಿಂದ ಅರ್ಧ ಡಜನ್ ಸಿಹಿ ಹಣ್ಣು ತಂದು, ಒಂದನ್ನು ಸುಲಿದು, ನಮ್ಮ ಗಿಡದ್ದೆಂದು ಕೊಟ್ಟೆವು. ಅಬ್ಬಾ ಎರಡು ತೊಳೆ ತಿಂದರು. ತೊದಲುತ್ತಲೇ ಹೇಳಿದರು: “ಇದು ನಾಗಪುರದ್ದು. ನಮ್ಮ ಗಿಡದ್ದು ಎಲ್ಲಿ?”

ನಾವು ತಲೆ ತಗ್ಗಿಸಿದೆವು. ಅಮ್ಮಿ ಒಂದು ಮಾತೂ ಆಡದೆ ಗಿಡದ ಹಣ್ಣು ಕಿತ್ತು, ಹಿಂಡಿ, ಸಕ್ಕರೆ, ಚಿಟಿಕೆ ಉಪ್ಪು ಹಾಕಿ ಶರಬತ್ತು ಮಾಡಿ ತಂದರು. ಅಬ್ಬಾ ಲೋಟ ಖಾಲಿ ಮಾಡಿದರು. ಮರುವರ್ಷ ಅವರು ತೀರಿಕೊಂಡರು. ಸಾಯುವ ಮನುಷ್ಯನಿಗೆ ಸತ್ಯ ಬೇಡವೆಂದು ನಾವೇ ತೀರ್ಮಾನಿಸಿಬಿಟ್ಟಿದ್ದೆವಲ್ಲ ಎಂಬ ನಾಚಿಕೆ ಇನ್ನೂ ಹೋಗಿಲ್ಲ.

ಎಷ್ಟೋ ದಿನದ ಮೇಲೆ ತೋಟಗಾರಿಕೆ ಬಲ್ಲವರೊಬ್ಬರು ಗಿಡ ನೋಡಿ ಗುಟ್ಟು ಬಿಡಿಸಿದರು. ಕಿತ್ತಳೆಯ ಕಣ್ಣನ್ನು ರಂಗಪುರ ನಿಂಬೆಯ ಬೇರಿನ ಸಸಿಗೆ ಕೂರಿಸಿ ಕಸಿ ಮಾಡುತ್ತಾರಂತೆ, ಆ ಬೇರು ಬರ ತಾಳುತ್ತದೆಂದು. ಕಸಿಗಂಟಿನ ಕೆಳಗಿನ ಚಿಗುರನ್ನು ಆಗಾಗ ಚಿವುಟಬೇಕು. ನಮ್ಮಲ್ಲಿ ಮೇಲಿನ ಕಿತ್ತಳೆ ಸತ್ತು, ಕೆಳಗಿನ ನಿಂಬೆ ಮರವಾಗಿತ್ತು. ರಂಗಪುರ ನಿಂಬೆಯೂ ಕಿತ್ತಳೆ ಮತ್ತು ಮಾದಳ ಕೂಡಿ ಹುಟ್ಟಿದ ತಳಿಯೇ. ಬಣ್ಣ ಕಿತ್ತಳೆಯ ಕಡೆಯಿಂದ ಬಂದದ್ದು.

ಕಡಿದು ಬೇರೆ ನೆಡಿ ಎಂದರು ಅವರು. ಅಮ್ಮಿ ಒಪ್ಪಲಿಲ್ಲ. “ನೀರಿಲ್ಲದಾಗ ನಿಂತದ್ದು ಇದೇ ಅಲ್ಲವೇ?”

ಮರ ಈಗಲೂ ಇದೆ. ರಮಝಾನಿನಲ್ಲಿ ಶರಬತ್ತು ಅದರದ್ದೇ. ಪಕ್ಕದ ಮನೆಯ ಅಜ್ಜಿ, “ಬೂಬಮ್ಮಾ, ಉಪ್ಪಿನಕಾಯಿಗೆ ನಾಕು ಕೊಡವ್ವಾ” ಎಂದು ಸೆರಗೊಡ್ಡುತ್ತಾರೆ. ಬಂದ ನೆಂಟರ ಮಕ್ಕಳು ಬಣ್ಣ ಕಂಡು ಕಿತ್ತಳೆ ಎಂದು ಓಡುತ್ತವೆ. ಕೀಳುವ ಮೊದಲೇ ನಾವು ಹೇಳಿಬಿಡುತ್ತೇವೆ: ಹುಳಿ ಇದೆ, ನೋಡಿಕೊಳ್ಳಿ.