ಬಳ್ಳಿ ಇಳಿಸಿದ ದಿನ

ಇದು 1978ರ ಮಾತು. ಯುಗಾದಿಗೆ ಇನ್ನು ಹನ್ನೆರಡು ದಿನವಿತ್ತು, ಕಾಳಯುಕ್ತಿ ಸಂವತ್ಸರ ಹುಟ್ಟಬೇಕಿತ್ತು. ನನಗೆ ಹತ್ತು ವರ್ಷ. ಮೈಸೂರಿನ ವಿದ್ಯಾರಣ್ಯಪುರಂ ದಾಟಿ ನಂಜನಗೂಡು ರಸ್ತೆಯ ಕಡೆಗೆ ನಮ್ಮದು ಅರ್ಧ ಎಕರೆ ಎಲೆತೋಟ. ತಾತ, ಅಜ್ಜಿ, ಅಪ್ಪ, ಅಮ್ಮ, ಚಿಕ್ಕಪ್ಪ, ನಾನು, ಆರು ಜನರ ಅನ್ನ ಆ ಅರ್ಧ ಎಕರೆಯಿಂದಲೇ ಹುಟ್ಟಬೇಕು.

ಈ ವೀಳ್ಯದೆಲೆ ಮೊದಲು ಬೆಳೆದದ್ದು ಮಹಾರಾಜರ ತೋಟದಲ್ಲಿ, ಆಮೇಲೆ ನಮ್ಮ ಸುತ್ತಿನ ನೂರು ಎಕರೆಗೆ ಹಬ್ಬಿತು ಎಂದು ತಾತ ಹೇಳುತ್ತಿದ್ದರು. ಹೇಳುವಾಗ ಅವರ ದನಿಯಲ್ಲಿ ಒಂದು ಗತ್ತು ಇರುತ್ತಿತ್ತು. ತೋಟಕ್ಕೆ ಚಪ್ಪಲಿ ಮೆಟ್ಟಿ ಕಾಲಿಡುವಂತಿರಲಿಲ್ಲ. ಬೆಳಗ್ಗೆ ಸ್ನಾನ ಮಾಡದೆ ಬಳ್ಳಿ ಮುಟ್ಟುವಂತಿರಲಿಲ್ಲ. ಎಲೆತೋಟ ನಮಗೆ ದೇವರ ಮನೆಯ ಇನ್ನೊಂದು ಕೋಣೆ.

ಹೊಂಗೆಯ ಮರಗಳು ಹಳೇ ಎಲೆ ಉದುರಿಸಿ, ನೋಡನೋಡುತ್ತಲೇ ತಳತಳ ಹಸಿರಾಗಿದ್ದವು. ಬೇವು ಹೂ ಬಿಟ್ಟಿತ್ತು. ಬೇಲಿಯ ಪಕ್ಕದ ಹಾಲವಾಣದಲ್ಲಿ ಕೆಂಪು ಹೂವಿಗೆ ಗೊರವಂಕಗಳ ಗಲಾಟೆ. ಚಾಮುಂಡಿ ಬೆಟ್ಟದ ಹಿಂದಿನಿಂದ ಬಿಸಿಲು ಮೂಡುವ ಹೊತ್ತಿಗೆ ತಾತ ಬಾಳೆನಾರಿನ ಕಂತೆಯನ್ನು ನೀರಲ್ಲಿ ನೆನೆಹಾಕಿದ್ದರು. ಅವತ್ತು ಬಳ್ಳಿ ಇಳಿಸುವ ದಿನ.

ಇದನ್ನು ಕಾಣದವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ವೀಳ್ಯದ ಬಳ್ಳಿ ಅಗಸೆ, ನುಗ್ಗೆ, ಹಾಲವಾಣದ ಮೈ ಹಿಡಿದು ವರ್ಷವಿಡೀ ಮೇಲೇರುತ್ತದೆ. ಕೆಳಗಿನ ಎಲೆ ಕೊಯ್ದಂತೆಲ್ಲ ಕಾಂಡ ಬರಿದಾಗುತ್ತದೆ, ತುದಿ ಕೈಗೆ ಸಿಗದಷ್ಟು ಎತ್ತರಕ್ಕೆ ಹೋಗುತ್ತದೆ, ಎಲೆ ಸಣ್ಣದಾಗುತ್ತಾ ಬರುತ್ತದೆ. ಆಗ ಕಟ್ಟು ಬಿಚ್ಚಿ ಇಡೀ ಬಳ್ಳಿಯನ್ನು ಮೆತ್ತಗೆ ನೆಲಕ್ಕಿಳಿಸಬೇಕು. ಬರಿದಾದ ಕಾಂಡವನ್ನು ಬುಡದ ಗುಣಿಯಲ್ಲಿ ಸುರುಳಿ ಸುತ್ತಿ ಮಲಗಿಸಿ, ಕೆರೆಗೋಡು ಮತ್ತು ಕೊಟ್ಟಿಗೆ ಗೊಬ್ಬರ ಮುಚ್ಚಿ, ತುದಿಯನ್ನು ಮಾತ್ರ ಮತ್ತೆ ಮರಕ್ಕೆ ಕಟ್ಟಬೇಕು. ಮಣ್ಣಿನೊಳಗಿನ ಗಿಣ್ಣುಗಳು ಹೊಸದಾಗಿ ಬೇರು ಬಿಡುತ್ತವೆ. ಹಳೇ ಬಳ್ಳಿ ಹೊಸ ಬಳ್ಳಿಯಾಗುತ್ತದೆ.

ಚಿಕ್ಕಪ್ಪ ಏಣಿಯ ಮೇಲೆ, ತಾತ ಬುಡದಲ್ಲಿ. ನಡುವೆ ಬಳ್ಳಿಗೆ ಕೈಯೊಡ್ಡಿ ನಿಲ್ಲುವ ಕೆಲಸ ನನ್ನದು. ಮಗುವನ್ನು ಎತ್ತಿಕೊಂಡ ಹಾಗೆ ಹಿಡಿಯಬೇಕು, ಎಳೆಯಬಾರದು ಎಂದು ಅಜ್ಜಿ ಎರಡು ಸಲ ಹೇಳಿದ್ದರು. ಹತ್ತನೆಯದೋ ಹನ್ನೊಂದನೆಯದೋ ಬಳ್ಳಿ. ಗೊರವಂಕ ಕೂಗಿತೆಂದು ತಲೆಯೆತ್ತಿದೆ, ಕೈ ಜಗ್ಗಿತು. ‘ಟಕ್’ ಎಂದಿತು.

ಅಷ್ಟೇ ಸದ್ದು. ಆದರೆ ತೋಟದಲ್ಲಿ ಎಲ್ಲರ ಕೈಯೂ ನಿಂತಿತು. ಮುರಿದ ಗಿಣ್ಣಿನಿಂದ ಘಾಟು ವಾಸನೆ ಎದ್ದು ಮೂಗಿಗೆ ಬಡಿಯಿತು. ಹಬ್ಬಕ್ಕೆ, ಮದುವೆಗಳಿಗೆ ಎಲೆ ಕೊಡಬೇಕಾದ ಬಳ್ಳಿ. 100 ಎಲೆಗೆ ಒಂದು ಕವಳಿಗೆ ಲೆಕ್ಕ, ಅದರಿಂದ ಬರಬಹುದಾಗಿದ್ದ ಕವಳಿಗೆಗಳನ್ನು ಅಪ್ಪ ಮನಸ್ಸಿನಲ್ಲೇ ಎಣಿಸಿದ್ದು ಅವರ ಮುಖದಲ್ಲಿ ಕಂಡಿತು. ನನಗೆ ಅಳು ಬಂತು.

ತಾತ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಮುರಿದ ತುಂಡನ್ನು ತೊಡೆಯ ಮೇಲಿಟ್ಟುಕೊಂಡು ಹೆಬ್ಬೆರಳಿನಿಂದ ಗಿಣ್ಣು ಎಣಿಸಿದರು. ಒಂದು, ಎರಡು, ಮೂರು, ನಾಲ್ಕು, ಐದು. ಸೊಂಟದ ಕುಡುಗೋಲಿನಿಂದ ಓರೆಯಾಗಿ ಕತ್ತರಿಸಿದರು. ಹೀಗೆ ಮೂರು ತುಂಡು. “ಬಳ್ಳಿ ಮುರಿದ್ರೆ ಅದೇ ಅಂಬು ಕಣ್ಲಾ. ನೆಡು” ಎಂದರು.

ಬೇಲಿಯ ಕಡೆ ಹೊಸದಾಗಿ ಬೆಳೆದಿದ್ದ ಅಗಸೆಯ ಬುಡದಲ್ಲಿ ನೆಟ್ಟೆ. ಎರಡು ಗಿಣ್ಣು ಮಣ್ಣೊಳಗೆ, ಮೂರು ಮೇಲೆ. ಬಾವಿಯಿಂದ ತಂಬಿಗೆಯಲ್ಲಿ ನೀರು ತಂದು ಹೊತ್ತಿಗೆ ಸರಿಯಾಗಿ ಹಾಕಬೇಕು, ಅದು ನನ್ನ ಪಾಲಿನ ಕೆಲಸವಾಯಿತು. ತಪ್ಪಿನ ಭಾರಕ್ಕೋ ಏನೋ, ಒಂದಕ್ಕೆ ಕದ್ದು ಕದ್ದು ಹೆಚ್ಚು ನೀರು ಹಾಕಿದೆ. ಅದು ಬುಡದಲ್ಲೇ ಕೊಳೆತುಹೋಯಿತು. ಎಲೆಬಳ್ಳಿಗೆ ಒಣಗಿದರೂ ಕಷ್ಟ, ನೀರು ನಿಂತರೂ ಕಷ್ಟ ಎಂಬುದನ್ನು ನನಗೆ ಕಲಿಸಿದ್ದು ಯಾವ ಪುಸ್ತಕವೂ ಅಲ್ಲ, ಕೈಗೆ ಅಂಟಿದ ಆ ಕಪ್ಪು ಲೋಳೆ.

ಉಳಿದ ಎರಡು ಹಿಡಿದುಕೊಂಡವು. ಮೊದಲ ಕುಡಿ ಕಂಡ ಬೆಳಗ್ಗೆ ನಾನು ಶಾಲೆಗೆ ತಡವಾಗಿ ಹೋದೆ. ಎಳೆ ಎಲೆ ಎಷ್ಟು ತೆಳುವೆಂದರೆ ಬಿಸಿಲಿಗೆ ಹಿಡಿದರೆ ನರಗಳೆಲ್ಲ ಕಾಣುತ್ತಿದ್ದವು. ಮಳೆಗಾಲ ಕಳೆಯಿತು, ದಸರೆ ಮುಗಿಯಿತು, ಸಂಕ್ರಾಂತಿಯ ಹೊತ್ತಿಗೆ ಬಳ್ಳಿ ನನ್ನ ತಲೆ ಮೀರಿತ್ತು.

ಮರುವರ್ಷ ಸಿದ್ಧಾರ್ಥಿ ಸಂವತ್ಸರದ ಯುಗಾದಿ ಮಾರ್ಚ್‌ನಲ್ಲೇ ಬಂತು. ಬೇವು ಬೆಲ್ಲ ಆದ ಮೇಲೆ ಅಜ್ಜಿ ತಟ್ಟೆಗೆ ಅಡಿಕೆ ಹಾಕಿ, “ಎಲೆ ನೀನೇ ಕುಯ್ಕೊಂಡು ಬಾ, ನಿನ್ನ ಬಳ್ಳಿದು” ಎಂದರು. ಐದು ಎಲೆ ತಂದೆ. ತಾತ ಒಂದರ ತೊಟ್ಟು, ತುದಿ ಚಿವುಟಿ, ಬೆನ್ನಿಗೆ ಸುಣ್ಣ ಸವರಿ ಬಾಯಿಗಿಟ್ಟು ನಿಧಾನವಾಗಿ ಅಗಿದರು. ಬಹಳ ಹೊತ್ತಿನ ಮೇಲೆ, “ಎಲೆ ಚೆನ್ನಾಗೈತೆ” ಎಂದರು. ನನಗೆ ಈವರೆಗೆ ಸಿಕ್ಕ ಯಾವ ಮೆಚ್ಚುಗೆಯೂ ಅದರ ಸಮಕ್ಕೆ ಬಂದಿಲ್ಲ.

ತಾತ ಹೋದ ಮೇಲೆ ತೋಟವೂ ಕೈಬಿಟ್ಟಿತು. ಊರು ಬೆಳೆಯಿತು, ನೆಲದ ಬೆಲೆಯ ಮುಂದೆ ಎಲೆಯ ಬೆಲೆ ನಿಲ್ಲಲಿಲ್ಲ. ಬಾವಿ ಇದ್ದಲ್ಲಿ ಈಗ ಮೂರಂತಸ್ತಿನ ಮನೆಯಿದೆ. ಮಾರುವ ಮುನ್ನ ಅಪ್ಪ ಒಂದು ಅಂಬು ಕತ್ತರಿಸಿ ತಂದಿದ್ದರು. ಅದು ನಮ್ಮ ಹಿತ್ತಲಿನ ನುಗ್ಗೆಮರದ ಮೇಲಿದೆ, ಶಿವರಾತ್ರಿ ಕಳೆದ ಮೇಲೆ ಪ್ರತಿವರ್ಷ ನಾನೇ ಇಳಿಸುತ್ತೇನೆ.

ಮೈಸೂರು ವೀಳ್ಯದೆಲೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ. ಆದರೆ ಬೆಳೆಗಾರನ ಹೊಟ್ಟೆ ತುಂಬುವುದು ಕೊಳ್ಳುವವರಿಂದ. ಈ ಯುಗಾದಿಗೆ ದೇವರಾಜ ಮಾರುಕಟ್ಟೆಗೆ ಹೋದರೆ, ಸಿಕ್ಕಿದ ಎಲೆ ತರಬೇಡಿ. ಮೈಸೂರು ಚಿಗುರೆಲೆ ಇದೆಯಾ ಎಂದು ಕೇಳಿ ತನ್ನಿ.