ಅಜ್ಜಿಗೆ ರಾಜರು, ತಾತನಿಗೆ ಕಲೆಕ್ಟರು

ಪದವಿಯಲ್ಲಿ ಇತಿಹಾಸ ಓದಿದ ನಾವು ಕೊಳ್ಳೇಗಾಲದ ಹುಡುಗರು ಯುರೋಪಿನ ರಾಜರು ಉರುಳಿದ ಇಸವಿಗಳನ್ನೆಲ್ಲ ಬಾಯಿಪಾಠ ಮಾಡಿದ್ದೆವು. 1793ರಲ್ಲಿ ಹದಿನಾರನೇ ಲೂಯಿಯ ತಲೆ ಹೋಯಿತು. 1910ರಲ್ಲಿ ಪೋರ್ಚುಗಲ್ಲಿನ ಎರಡನೇ ಮ್ಯಾನುಯೆಲ್ ಇಂಗ್ಲೆಂಡಿಗೆ ಓಡಿಹೋದ. ಬಸ್ಸಿನಲ್ಲಿ ಅರ್ಧ ಗಂಟೆ ದೂರದ ಯಳಂದೂರಿನಲ್ಲಿ ಕೊನೆಗೊಂಡ ರಾಜರ ಆಳ್ವಿಕೆ ಮಾತ್ರ ನಮ್ಮ ಪ್ರಶ್ನೆಪತ್ರಿಕೆಯಲ್ಲಿ ಬರಲೇ ಇಲ್ಲ.

ನನ್ನ ಅಜ್ಜಿ ಯಳಂದೂರಿನವಳು, ತಾತ ಕೊಳ್ಳೇಗಾಲದವರು. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ತಾಲ್ಲೂಕು, ಅದರೊಳಗಿನ ಹನೂರು ಸಮೇತ, ಮದ್ರಾಸಿಗೆ ಸೇರಿತ್ತು. ಜಿಲ್ಲಾ ಕಚೇರಿ ಕೊಯಮತ್ತೂರಿನಲ್ಲಿ. ಯಳಂದೂರು ಮೈಸೂರು ಸಂಸ್ಥಾನದ್ದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಹೋದ ಸೀಮೆ. ಸಂಬಂಧ ಕುದುರಿಸಿದವರು ಜಾತಕ ನೋಡಿದ್ದರೇ ಹೊರತು ಸರ್ಕಾರ ನೋಡಿರಲಿಲ್ಲ.

ಸೋಜಿಗವೆಂದರೆ, ಪರಂಗಿಯವರ ಕೈಕೆಳಗಿದ್ದ ತಾತನ ಸೀಮೆಗೇ ಚುನಾಯಿತ ಮಂತ್ರಿಮಂಡಲ ಮೊದಲು ಬಂತು. 1937ರಲ್ಲಿ ಮದ್ರಾಸಿನಲ್ಲಿ ರಾಜಾಜಿ ಪ್ರಧಾನಿಯಾದರು. ಮತ ಹಾಕಿದವರು ಕೆಲವರೇ ಆದರೂ. ಮೈಸೂರಿನಲ್ಲಿ 1881ರಿಂದಲೇ ಪ್ರಜಾಪ್ರತಿನಿಧಿ ಸಭೆ ಇತ್ತು. ಅಲ್ಲಿ ಅಹವಾಲು ಹೇಳಿಕೊಳ್ಳಬಹುದಿತ್ತು, ದಿವಾನರನ್ನು ಇಳಿಸುವಂತಿರಲಿಲ್ಲ.

1947ರ ಆಗಸ್ಟ್ 15 ಬಂದರೂ ಮೈಸೂರಿನಲ್ಲಿ ದಿವಾನರ ಆಡಳಿತವೇ ಮುಂದುವರಿಯಿತು. ಜವಾಬ್ದಾರಿ ಸರ್ಕಾರ ಕೊಡಿ ಎಂದು ಸೆಪ್ಟೆಂಬರ್ 1ಕ್ಕೆ 'ಮೈಸೂರು ಚಲೋ' ಶುರುವಾಯಿತು. ವಿದ್ಯಾರ್ಥಿಗಳು, ಕಾರ್ಮಿಕರು, ರೈತರು ಜೈಲು ತುಂಬಿದರು. ಬೈಗುಳವೆಲ್ಲ ದಿವಾನ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರರಿಗೆ. ಜಯಚಾಮರಾಜ ಒಡೆಯರ ಮೇಲೆ ಜನಕ್ಕೆ ಅಷ್ಟು ಕೋಪವಿರಲಿಲ್ಲ. ಮೈಸೂರಿನಲ್ಲಿ ಗುಂಡಿಗೆ ಬಲಿಯಾದ ವಿದ್ಯಾರ್ಥಿಯ ಹೆಸರೂ ರಾಮಸ್ವಾಮಿ. ಅವನ ಹೆಸರಿನ ವೃತ್ತವನ್ನು ನಾನು ನೂರಾರು ಸಲ ದಾಟಿದ್ದೇನೆ. ಅಕ್ಟೋಬರ್ ಮುಗಿಯುವುದರೊಳಗೆ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು.

ಮಹಾರಾಜರು ಎಲ್ಲಿಗೂ ಓಡಿಹೋಗಲಿಲ್ಲ. ರಾಜಪ್ರಮುಖರಾದರು, 1956ರಲ್ಲಿ ರಾಜ್ಯಪಾಲರಾದರು. ವರ್ಷಕ್ಕೆ 26 ಲಕ್ಷ ರೂಪಾಯಿಯ ರಾಜಧನ 1971ರಲ್ಲಿ ನಿಂತಿತು. ಇದೂ ಒಂದು ಕ್ರಾಂತಿಯೇ ಎಂದು ತರಗತಿಯಲ್ಲಿ ಕೇಳಿದರೆ ಗೆಳೆಯರು ನಗುತ್ತಿದ್ದರು. ತಲೆ ಉರುಳದಿದ್ದರೆ ಅದೆಂಥ ಕ್ರಾಂತಿ! ಆದರೆ ಅಧಿಕಾರ ಅರಮನೆಯಿಂದ ಕದಲಿದ್ದು ಆ ಎರಡು ತಿಂಗಳಲ್ಲೇ ಎಂದು ನನಗೆ ಆಗಲೂ ಅನಿಸುತ್ತಿತ್ತು, ಈಗಲೂ ಅನಿಸುತ್ತದೆ.

ಮನೆಯಲ್ಲಿ ಜಗಳ ನಡೆಯುತ್ತಿದ್ದುದು ಒಂದೇ ಕ್ರಿಯಾಪದದ ಮೇಲೆ.

"ಮಾರಾಜ್ರು ಕೊಟ್ರು ಕನಪ್ಪ. ಜನ ಕೇಳುದ್ರು, ಕೊಟ್ರು," ಎನ್ನುವಳು ಅಜ್ಜಿ.

"ಕಿತ್ಕಂಡ್ರು ಅನ್ನು," ಎನ್ನುವರು ತಾತ. ಕಲೆಕ್ಟರ ಸೀಮೆಯವರಿಗೆ ಹಾಗೆನ್ನುವುದು ಸುಲಭ.

ನಾನು ತಾತನ ಕಡೆ. ಒಂದು ಸಂಜೆ ಅಜ್ಜಿಗೆ ರಾಮಸ್ವಾಮಿಯ ವಿಷಯ ಹೇಳಿದೆ: ಕೊಟ್ಟರು ಅನ್ನುವುದಾದರೆ ಅವನ್ಯಾಕೆ ಸಾಯಬೇಕಿತ್ತು? ಅವಳು ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಿ ಕೂತಳು. ರಾಜರ ಪರ ಮಾತಾಡಲಿಲ್ಲ, ತಾತನ ಮಾತನ್ನೂ ಒಪ್ಪಲಿಲ್ಲ.

"ಎಷ್ಟ್ ವಯಸ್ಸಂತ ಆ ಮಗೀಗ?" ಎಂದಳು.

"ಓದೋ ಹುಡ್ಗ ಕನಜ್ಜಿ," ಎಂದೆ.